ಅನುರಣನ: ಯಂತ್ರದಿಂದಲೋ, ಗಣಿತದಿಂದಲೋ?

ಒಂದೇ ಕಂಠವು ಒಂದೇ ಹಾಡನ್ನು ಬೇರೆ ಬೇರೆ ಸ್ಥಳಗಳಲ್ಲಿ ಹಾಡಿದಾಗ ಅದು ಬೇರೆ ಬೇರೆಯಾಗಿ ಕೇಳಿಬರುವುದು ಎಲ್ಲರಿಗೂ ಅನುಭವವೇದ್ಯವಾದ ಸಂಗತಿ. ಕುಣಿಗಲಿನ ಕೆರೆಯ ಏರಿಯ ಮೇಲೆ ನಿಂತು, ಆ ಕೆರೆಯನ್ನೇ ಕೊಂಡಾಡುವ ಪ್ರಸಿದ್ಧ ಜನಪದ ಗೀತೆಯನ್ನು ಹಾಡಿದರೆ ಬಾಯಿಂದ ಹೊರಟ ದನಿಯು ನೀರಿನ ಮೇಲೂ ಬಯಲಿನ ಮೇಲೂ ಹರಡಿ ಹೋಗುತ್ತದೆ; ಅದರಲ್ಲಿ ಹಿಂದಿರುಗಿ ಬರುವ ಭಾಗ ಅತ್ಯಲ್ಪ. ಅದೇ ಗೀತೆಯನ್ನು ತುಮಕೂರಿಗೆ ಸಮೀಪದ ಕೈದಾಳದ ಚೆನ್ನಕೇಶವ ದೇವಾಲಯದಂತಹ ಕಲ್ಲುಕಟ್ಟಡದೊಳಗೆ ಹಾಡಿದರೆ, ಹಾಡು ನಿಂತ ಮೇಲೂ ನಾದವು ಕ್ಷಣಕಾಲ ತುಂಬಿ ನಿಲ್ಲುತ್ತದೆ. ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಹೆಸರಾದ ನಾಟಕ ಮಂಡಲಿಯ ಮೊದಲಿನ ನಟರಿಗೆ ಧ್ವನಿವರ್ಧಕದ ನೆರವಿರಲಿಲ್ಲ. ಬಟ್ಟೆಯ ಡೇರೆಯೂ ಕಿಕ್ಕಿರಿದ ಜನರೂ ಶಬ್ದವನ್ನು ನುಂಗುವಂತಹವು. ಗೋಡೆಗಳು ಕೊಡದ ಸಹಾಯವನ್ನು ಅಂತಹ ಕಡೆ ನಟನು ತನ್ನ ಏರುಕಂಠದಿಂದಲೇ ತುಂಬಿಕೊಳ್ಳಬೇಕಾಗುತ್ತಿತ್ತು.

ಸ್ಥಳವು ಹಾಡಿಗೆ ಸೇರಿಸುವ ಈ ನಾದಶೇಷಕ್ಕೆ ‘ಅನುರಣನ’ವೆಂದು ಹೆಸರು. ಧ್ವನಿಮುದ್ರಣ ಮಾಡುವವರು ಇದನ್ನು ‘ರಿವರ್ಬ್’ ಎನ್ನುವರು. ಇಂದು ಅನುರಣನವನ್ನು ಕೃತಕವಾಗಿ ಸೇರಿಸಲು ಎರಡು ದಾರಿಗಳಿವೆ: ಅದಕ್ಕೆಂದೇ ಮಾಡಿದ ಯಂತ್ರವನ್ನು ಕೊಳ್ಳುವುದು ಒಂದು, ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ಬಳಸುವುದು ಇನ್ನೊಂದು. ಇವೆರಡರಲ್ಲಿ ಯಾವುದು ಮೇಲು? ಸಂಗೀತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಆಗಾಗ ಕೇಳುವ ಈ ಪ್ರಶ್ನೆಗೆ ಭೌತಶಾಸ್ತ್ರವು ಏನು ಹೇಳುವುದೆಂಬುದನ್ನು ವಿಚಾರ ಮಾಡೋಣ.

ಅನುರಣನದ ಅಳತೆ

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ದೂರ ಸಾಗುತ್ತದೆ. ನಮ್ಮಿಂದ ೧೭ ಮೀಟರ್ ದೂರದಲ್ಲಿರುವ ಗೋಡೆಗೆ ತಗುಲಿ ಮರಳಲು ಅದಕ್ಕೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಇಷ್ಟು ಅಥವಾ ಇದಕ್ಕಿಂತ ಹೆಚ್ಚು ತಡವಾಗಿ ಬಂದ ಶಬ್ದವನ್ನು ಕಿವಿಯು ಬೇರೆಯದಾಗಿ ಗುರುತಿಸಬಲ್ಲದು; ಅದು ಪ್ರತಿಧ್ವನಿ. ಆದರೆ ಕೋಣೆಯಲ್ಲಿ ಶಬ್ದವು ಗೋಡೆ, ನೆಲ, ಮಾಳಿಗೆಗಳ ನಡುವೆ ನೂರಾರು ಸಲ ಪುಟಿದು, ಒಂದರ ಬೆನ್ನಿಗೊಂದು ಅತಿ ಬೇಗ ಬರುವಾಗ ಕಿವಿಯು ಅವುಗಳನ್ನು ಬಿಡಿಸಿ ಕೇಳಲಾರದು. ಎಲ್ಲವೂ ಬೆರೆತು ಕ್ರಮವಾಗಿ ಕ್ಷೀಣಿಸುವ ಒಂದೇ ನಾದವಾಗುತ್ತದೆ. ಇದೇ ಅನುರಣನ.

ಇದನ್ನು ಅಳೆಯುವ ಕ್ರಮವನ್ನು ಮೊದಲು ತೋರಿಸಿಕೊಟ್ಟವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸಬೈನ್. ಅಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗದಷ್ಟು ಅನುರಣನವಿತ್ತು. ಅದನ್ನು ಸರಿಪಡಿಸುವ ಕೆಲಸವು ೧೮೯೫ರಲ್ಲಿ ಈ ಯುವಕ ಅಧ್ಯಾಪಕನ ಪಾಲಿಗೆ ಬಂದಿತು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ನಾದವು ಕೇಳದಾಗುವವರೆಗಿನ ಕಾಲವನ್ನು ಅಳೆದನು. ಬೇರೊಂದು ರಂಗಮಂದಿರದ ಮೆತ್ತೆಗಳನ್ನು ತರಿಸಿ ಹಾಸಿ, ಮತ್ತೆ ಮತ್ತೆ ಅಳೆದನು. ಈ ಪ್ರಯೋಗಗಳಿಂದ ಹೊರಟ ನಿಯಮ ಬಹಳ ಸರಳವಾದುದು. ಕೋಣೆಯ ಘನಗಾತ್ರವನ್ನು ೦.೧೬೧ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ. ಅನುರಣನ ಕಾಲವೆಂದರೆ ಶಬ್ದದ ತೀವ್ರತೆಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಸಮಯ.

ಒಂದು ಉದಾಹರಣೆಯನ್ನು ನೋಡೋಣ. ೪ ಮೀಟರ್ ಉದ್ದ, ೩ ಮೀಟರ್ ಅಗಲ, ೩ ಮೀಟರ್ ಎತ್ತರದ ಬರಿಯ ಕೋಣೆಯೊಂದಿದೆ ಎನ್ನಿ. ಅದರ ಘನಗಾತ್ರ ೩೬ ಘನ ಮೀಟರ್. ಒಳಮೈಯ ವಿಸ್ತೀರ್ಣ ೬೬ ಚದರ ಮೀಟರ್. ಗಾರೆಯ ಗೋಡೆಯೂ ಕಲ್ಲುನೆಲವೂ ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ೩ರಷ್ಟನ್ನು ಮಾತ್ರ ಹೀರುವುವೆಂದು ಇಟ್ಟುಕೊಂಡರೆ ಒಟ್ಟು ಹೀರಿಕೆ ೨ಕ್ಕೆ ಸಮೀಪವಾಗುತ್ತದೆ. ಅನುರಣನ ಕಾಲ ಸುಮಾರು ೨.೯ ಸೆಕೆಂಡು. ಈಗ ೨೦ ಚದರ ಮೀಟರ್ ಭಾಗವನ್ನು ಹತ್ತಿಯ ಹಾಸಿಗೆ, ದಪ್ಪ ಕಂಬಳಿಗಳಿಂದ ಮುಚ್ಚೋಣ. ಇವು ಅರ್ಧದಷ್ಟು ಶಬ್ದವನ್ನು ಹೀರಿದರೆ ಒಟ್ಟು ಹೀರಿಕೆ ೧೧.೪ ಆಗುತ್ತದೆ, ಅನುರಣನ ಕಾಲ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ತಗ್ಗುಶ್ರುತಿಯ ಶಬ್ದಗಳನ್ನು ಬಟ್ಟೆಯು ಇಷ್ಟು ಚೆನ್ನಾಗಿ ಹೀರಲಾರದೆಂಬುದು ನಿಜ. ಆದರೂ ಮನೆಯಲ್ಲಿರುವ ಹಾಸಿಗೆಗಳೇ ಕೋಣೆಯ ಗುಣವನ್ನು ಇಷ್ಟರಮಟ್ಟಿಗೆ ಬದಲಾಯಿಸಬಲ್ಲವೆಂಬುದು ಗಮನಾರ್ಹ. ಇದನ್ನು ಮುಂದೆ ನೆನಪಿಡಬೇಕು.

ಬಚ್ಚಲುಮನೆಯಿಂದ ಉಕ್ಕಿನ ಫಲಕಕ್ಕೆ

ಸಣ್ಣ ಕೋಣೆಯಲ್ಲಿ ಮುದ್ರಿಸಿದ ಹಾಡಿಗೆ ದೊಡ್ಡ ಮಂದಿರದ ಗಾಂಭೀರ್ಯವನ್ನು ಕೊಡಬೇಕೆಂಬ ಆಸೆ ಹಳೆಯದು. ಮೊದಮೊದಲು ಇದಕ್ಕೆ ನಿಜವಾದ ಕೋಣೆಯನ್ನೇ ಬಳಸುತ್ತಿದ್ದರು. ಮುದ್ರಿಸಿದ ಹಾಡನ್ನು ಬರಿಗೋಡೆಯ ಕೋಣೆಯೊಂದರಲ್ಲಿ ನುಡಿಸಿ, ಅಲ್ಲಿಯ ಅನುರಣನವನ್ನು ಮತ್ತೊಂದು ಮೈಕಿನಿಂದ ಹಿಡಿದು ಮೂಲದೊಡನೆ ಬೆರೆಸುವುದು ಇದರ ಕ್ರಮ. ಅಮೆರಿಕದ ಬಿಲ್ ಪಟ್ನಮ್ ಎಂಬ ಧ್ವನಿಮುದ್ರಕನು ೧೯೪೭ರಲ್ಲಿ ಬಚ್ಚಲುಮನೆಯೊಂದನ್ನೇ ಇದಕ್ಕಾಗಿ ಬಳಸಿ ಹೆಸರು ಪಡೆದನು. ಬಚ್ಚಲಿನಲ್ಲಿ ಹಾಡುವಾಗ ತಮ್ಮ ಕಂಠವು ಹೆಚ್ಚು ಇಂಪಾಗಿದೆಯೆಂದು ಭಾವಿಸುವವರಿಗೆ ಇದರ ಕಾರಣ ಹೊಳೆಯದಿರದು!

ಎಲ್ಲರಿಗೂ ಬೇರೊಂದು ಕೋಣೆಯನ್ನು ಮೀಸಲಿಡುವ ಅನುಕೂಲವಿರಲಿಲ್ಲ. ೧೯೫೭ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆಯವರು ‘ಇ.ಎಂ.ಟಿ. ೧೪೦’ ಎಂಬ ಯಂತ್ರವನ್ನು ಹೊರತಂದರು. ಇದರಲ್ಲಿ ಕೋಣೆಯ ಬದಲು ೨ ಮೀಟರ್ ಉದ್ದ, ೧ ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಫಲಕವೊಂದನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಿರುತ್ತಾರೆ. ವಿದ್ಯುತ್ತಿನಿಂದ ಫಲಕವನ್ನು ಹಾಡಿಗೆ ತಕ್ಕಂತೆ ಕಂಪಿಸಿ, ಅದರಲ್ಲಿ ಓಡಾಡುವ ಅಲೆಗಳನ್ನು ಬೇರೆ ಕಡೆಯಿಂದ ಹಿಡಿಯುತ್ತಾರೆ. ಹ್ಯಾಮಂಡ್ ಆರ್ಗನ್ನಿನ ಮೂಲಕ ಪ್ರಚಾರಕ್ಕೆ ಬಂದ ಇನ್ನೊಂದು ಉಪಾಯದಲ್ಲಿ ಫಲಕಕ್ಕೆ ಬದಲಾಗಿ ತಂತಿಯ ಸುರುಳಿಯಿರುತ್ತದೆ. ಗಿಟಾರಿನ ಧ್ವನಿವರ್ಧಕಗಳಲ್ಲಿ ಇದನ್ನು ಈಗಲೂ ಕಾಣಬಹುದು.

ಇವುಗಳ ಧ್ವನಿಯು ಕೋಣೆಯ ಧ್ವನಿಯಂತೆಯೇ ಇರುವುದಿಲ್ಲ. ಗಾಳಿಯಲ್ಲಿ ತಗ್ಗುಶ್ರುತಿಯೂ ಏರುಶ್ರುತಿಯೂ ಒಂದೇ ವೇಗದಲ್ಲಿ ಸಾಗುತ್ತವೆ. ತೆಳುವಾದ ಫಲಕವು ಬಾಗಿ ಬಳುಕುವಾಗ ಹುಟ್ಟುವ ಅಲೆಗಳಲ್ಲಾದರೋ ಏರುಶ್ರುತಿಯು ಮುಂದಾಗಿ ಓಡುತ್ತದೆ, ತಗ್ಗುಶ್ರುತಿಯು ಹಿಂದೆ ಬೀಳುತ್ತದೆ. ಫಲಕದ ಅನುರಣನಕ್ಕೆ ಒಂದು ಬಗೆಯ ಹೊಳಪೂ ಸಾಂದ್ರತೆಯೂ ಬರುವುದು ಇದರಿಂದಲೇ. ಇಲ್ಲಿ ಯಂತ್ರದ ‘ಗುಣ’ ಎನ್ನುವುದು ಕಟ್ಟುಕಥೆಯಲ್ಲ; ಲೋಹದ ಧರ್ಮ.

ಗಣಿತದ ದಾರಿ

೧೯೬೦ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರನು ಲೋಹವೂ ಕೋಣೆಯೂ ಇಲ್ಲದೆ, ಕೇವಲ ಕೂಡುವ, ಗುಣಿಸುವ, ತಡಮಾಡುವ ಕ್ರಿಯೆಗಳಿಂದಲೇ ಅನುರಣನವನ್ನು ಉಂಟುಮಾಡಬಹುದೆಂದು ತೋರಿಸಿದನು. ಶಬ್ದದ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದುಕೊಂಡರೆ, ಆ ಅಂಕಿಗಳನ್ನು ಸ್ವಲ್ಪ ತಡಮಾಡಿ, ಸ್ವಲ್ಪ ತಗ್ಗಿಸಿ, ಮತ್ತೆ ಮೂಲಕ್ಕೆ ಕೂಡಬಹುದು. ಗೋಡೆಯು ಮಾಡುವುದೂ ಇದನ್ನೇ ಅಲ್ಲವೇ?

ಇನ್ನೊಂದು ವಿಧಾನವು ನಿಜವಾದ ಸ್ಥಳದ ಪಡಿಯಚ್ಚನ್ನು ತೆಗೆಯುತ್ತದೆ. ಕಲ್ಲುಮಂಟಪವೊಂದರಲ್ಲಿ ಬಲೂನನ್ನು ಒಡೆದು, ಆ ಸದ್ದು ಕ್ಷೀಣಿಸುವ ರೀತಿಯನ್ನು ಮುದ್ರಿಸಿಕೊಂಡೆವೆನ್ನಿ. ಒಂದು ಕ್ಷಣದ ಸದ್ದಿಗೆ ಆ ಸ್ಥಳವು ಕೊಡುವ ಉತ್ತರ ನಮ್ಮ ಕೈಸೇರಿತು. ಹಾಡೆಂದರೆ ಒಂದರ ಹಿಂದೊಂದು ಬರುವ ಇಂತಹ ಕ್ಷಣಗಳ ಸಾಲೇ. ಪ್ರತಿಯೊಂದು ಕ್ಷಣಕ್ಕೂ ಆ ಉತ್ತರವನ್ನು ತಕ್ಕ ಪ್ರಮಾಣದಲ್ಲಿ ಜೋಡಿಸಿ ಎಲ್ಲವನ್ನೂ ಕೂಡಿದರೆ, ಹಾಡು ಆ ಮಂಟಪದಲ್ಲಿಯೇ ಹಾಡಿದಂತೆ ಕೇಳುತ್ತದೆ. ಈ ಕ್ರಿಯೆಗೆ ಕನ್ವಲ್ಯೂಷನ್ ಎಂದು ಹೆಸರು.

ಇದಕ್ಕೆ ಬೇಕಾಗುವ ಶ್ರಮವೆಷ್ಟು? ಸೆಕೆಂಡಿಗೆ ೪೪,೧೦೦ ಅಳತೆಗಳಂತೆ ೩ ಸೆಕೆಂಡಿನ ಅನುರಣನಕ್ಕೆ ೧,೩೨,೩೦೦ ಅಂಕಿಗಳಾಗುತ್ತವೆ. ಹಾಡಿನ ಪ್ರತಿ ಅಂಕಿಯನ್ನೂ ಇವೆಲ್ಲದರಿಂದ ಗುಣಿಸಬೇಕಾದರೆ ಸೆಕೆಂಡಿಗೆ ಸುಮಾರು ೫೮೩ ಕೋಟಿ ಗುಣಾಕಾರಗಳು ಬೇಕು. ೧೯೬೫ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಗಣಿತಜ್ಞರು ಪ್ರಕಟಿಸಿದ ಶೀಘ್ರ ಫೂರಿಯರ್ ವಿಧಾನದಿಂದ ಈ ಹೊರೆ ಬಹುಮಟ್ಟಿಗೆ ಇಳಿಯಿತು. ಆದರೂ ಅಂದಿನ ಸಾಮಾನ್ಯ ಕಂಪ್ಯೂಟರುಗಳಿಗೆ ಇಂತಹ ಕೆಲಸ ಮೀರಿದ್ದಾಗಿತ್ತು. ಆದುದರಿಂದಲೇ ಈ ಲೆಕ್ಕಕ್ಕೆಂದು ಪ್ರತ್ಯೇಕವಾದ ಪೆಟ್ಟಿಗೆಗಳು ಹುಟ್ಟಿದುವು: ೧೯೭೬ರಲ್ಲಿ ಇ.ಎಂ.ಟಿ. ೨೫೦, ೧೯೭೮ರಲ್ಲಿ ಲೆಕ್ಸಿಕಾನ್ ೨೨೪, ೧೯೯೯ರಲ್ಲಿ ಪಡಿಯಚ್ಚಿನ ವಿಧಾನವನ್ನನುಸರಿಸಿದ ಸೋನಿ ಸಂಸ್ಥೆಯ ಯಂತ್ರ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪೆಟ್ಟಿಗೆಗಳ ಒಳಗೆ ಫಲಕವಿಲ್ಲ, ಸುರುಳಿಯಿಲ್ಲ, ಇರುವುದು ಗಣಿತವೇ. ಅವು ಪೆಟ್ಟಿಗೆಯಲ್ಲಿಟ್ಟ ತಂತ್ರಾಂಶಗಳು. ಯಂತ್ರವೋ ತಂತ್ರಾಂಶವೋ ಎಂಬ ವಾದವನ್ನು ‘ವಸ್ತುವಿನ ಕಂಪನವೋ, ಅಂಕಿಗಳ ಲೆಕ್ಕವೋ’ ಎಂದು ತಿದ್ದಿಕೊಂಡರೆ ಅರ್ಧ ಗೊಂದಲವು ತಾನಾಗಿಯೇ ಕಳೆಯುತ್ತದೆ. ಒಂದೇ ಲೆಕ್ಕವನ್ನು ಪೆಟ್ಟಿಗೆಯು ಮಾಡಿದರೂ ಕಂಪ್ಯೂಟರು ಮಾಡಿದರೂ ಉತ್ತರ ಒಂದೇ.

ಆಯ್ಕೆಯ ವಿವೇಕ

ಹಾಗಾದರೆ ಪೆಟ್ಟಿಗೆಗೆ ಯಾವ ಮೇಲ್ಮೆಯೂ ಇಲ್ಲವೇ? ಇದೆ. ಕಂಪ್ಯೂಟರು ಅಂಕಿಗಳನ್ನು ಕಂತೆಕಂತೆಯಾಗಿ ತೆಗೆದುಕೊಳ್ಳುತ್ತದೆ. ಕಂತೆಯೊಂದರಲ್ಲಿ ೫೧೨ ಅಂಕಿಗಳಿದ್ದರೆ ಒಳಬರಲು ಸುಮಾರು ೧೨ ಮಿಲಿಸೆಕೆಂಡು, ಹೊರಹೋಗಲು ಅಷ್ಟೇ; ಒಟ್ಟು ೨೩ ಮಿಲಿಸೆಕೆಂಡಿಗೆ ಕಡಮೆಯಿಲ್ಲದ ವಿಳಂಬ. ಇಷ್ಟರಲ್ಲಿ ಶಬ್ದವು ಗಾಳಿಯಲ್ಲಿ ೮ ಮೀಟರ್ ಸಾಗಿರುತ್ತದೆ. ಹಾಡುವವನಿಗೆ ತನ್ನ ದನಿಯೇ ೮ ಮೀಟರ್ ದೂರದಿಂದ ಕೇಳಿದಂತಾದರೆ ತಾಳ ತಪ್ಪುವ ಭಯವುಂಟು. ಈ ಕೆಲಸಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ವಿಳಂಬವು ಸಾಮಾನ್ಯವಾಗಿ ಬಹಳ ಕಡಮೆ. ಅಲ್ಲದೆ ರಂಗದ ಮೇಲೆ ಹಾಡು ನಡೆಯುತ್ತಿರುವಾಗ ಕಂಪ್ಯೂಟರು ನಿಂತುಹೋದರೆ ಎಲ್ಲವೂ ಕೆಟ್ಟಿತು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂತಹ ಮಂದಿರದಲ್ಲಿ ಕಾರ್ಯಕ್ರಮ ನಡೆಸುವವರಿಗೆ ಕೈಗೆ ನೇರವಾಗಿ ಸಿಗುವ ತಿರುಗುಗುಂಡಿಗಳುಳ್ಳ ಪೆಟ್ಟಿಗೆಯೇ ಹಿತ.

ಆದರೆ ಧ್ವನಿಮುದ್ರಣದಲ್ಲಿ ಈ ವಿಳಂಬಕ್ಕೆ ಸುಲಭವಾದ ಪರಿಹಾರವಿದೆ. ಹಾಡುವವನಿಗೆ ಅವನ ದನಿಯನ್ನು ಕಂಪ್ಯೂಟರಿನ ಮೂಲಕ ಹಾಯಿಸದೆ ನೇರವಾಗಿ ಕೇಳಿಸಿ, ಅನುರಣನವನ್ನು ಮಾತ್ರ ಕಂಪ್ಯೂಟರಿನಿಂದ ಬೆರೆಸಿದರೆ ಸಾಕು. ೪ ಮೀಟರ್ ದೂರದ ಗೋಡೆಯಿಂದ ಮೊದಲ ಪ್ರತಿಫಲನ ಬರಲು ಕೂಡ ೨೩ ಮಿಲಿಸೆಕೆಂಡು ಹಿಡಿಯುತ್ತದೆಯಷ್ಟೆ! ಅನುರಣನವು ಸ್ವಭಾವತಃ ತಡವಾಗಿಯೇ ಬರುವಂಥದು.

ಉಳಿದ ವಿಷಯಗಳಲ್ಲಿ ತಂತ್ರಾಂಶದ ಕಡೆಗೆ ತಕ್ಕಡಿ ವಾಲುತ್ತದೆ. ಒಂದು ಪೆಟ್ಟಿಗೆಯು ಸಾಮಾನ್ಯವಾಗಿ ಒಂದು ಕಾಲಕ್ಕೆ ಒಂದು ಬಗೆಯ ಅನುರಣನವನ್ನು ಕೊಟ್ಟರೆ, ತಂತ್ರಾಂಶವು ಕಂಠಕ್ಕೊಂದು, ಕೊಳಲಿಗೊಂದು, ಮೃದಂಗಕ್ಕೊಂದು ಎಂದು ಬೇಕಾದಷ್ಟನ್ನು ಕೊಡಬಲ್ಲದು. ಇಂದಿನ ಹೊಂದಿಕೆಯನ್ನು ಮುಂದಿನ ವರ್ಷವೂ ಹಾಗೆಯೇ ಮರಳಿ ಪಡೆಯಬಹುದು. ‘ಆಡಾಸಿಟಿ’ಯಂತಹ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಉಕ್ಕಿನ ಫಲಕದ ಯಂತ್ರವೋ ಕಾಲು ಟನ್ನಿಗೂ ಹೆಚ್ಚು ತೂಗುತ್ತದೆ. ಅದರ ಧ್ವನಿಯ ಪಡಿಯಚ್ಚನ್ನಾದರೂ ತಂತ್ರಾಂಶದಲ್ಲಿ ಪಡೆಯಬಹುದು. ಆದರೆ ಪಡಿಯಚ್ಚು ಭಾವಚಿತ್ರದಂತೆ ನಿಶ್ಚಲವಾದುದು. ಜೋರಾಗಿ ಬಡಿದಾಗ ಸುರುಳಿಯು ತೋರಿಸುವ ಒರಟುತನವನ್ನು ಅದು ಹಿಡಿಯಲಾರದು. ಆ ಒರಟುತನವೇ ಬೇಕೆನ್ನುವ ಗಿಟಾರ್ ವಾದಕನು ಸುರುಳಿಯನ್ನು ಕೊಂಡರೆ ತಪ್ಪಿಲ್ಲ.

ಈ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅನುರಣನವನ್ನು ಸೇರಿಸುವುದು ಸುಲಭ. ಸೇರಿದುದನ್ನು ಕಳೆಯುವುದು ಅತಿ ಕಷ್ಟ. ಒಂದು ಸ್ವರದ ಬಾಲವು ಮುಂದಿನ ಸ್ವರದ ತಲೆಯ ಮೇಲೆ ಬಿದ್ದು ಬೆರೆತ ಬಳಿಕ, ಅದನ್ನು ಬಿಡಿಸಹೊರಟ ತಂತ್ರಾಂಶಗಳು ಕಂಠದ ಜೀವವನ್ನೂ ಸ್ವಲ್ಪ ಕಿತ್ತುಕೊಂಡೇ ಬರುತ್ತವೆ. ಗುಬ್ಬಿ, ಕುಣಿಗಲ್ಲು ಸೀಮೆಯ ಹಳ್ಳಿಗಳಲ್ಲಿ ಸೋಬಾನೆ, ತತ್ತ್ವಪದಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದ ಹಿರಿಯರ ಹಾಡುಗಳನ್ನು ಇಂದು ವಿದ್ಯಾರ್ಥಿಗಳು ತಮ್ಮ ಫೋನುಗಳಲ್ಲಿಯೇ ಮುದ್ರಿಸಬಲ್ಲರು. ಬರಿಗೋಡೆಯ ಸಭಾಂಗಣದಲ್ಲಿ ಮುದ್ರಿಸಿದರೆ, ಇಲ್ಲವೇ ಚೆಂದಕ್ಕೆಂದು ಅನುರಣನವನ್ನು ಬೆರೆಸಿ ಮೂಲವನ್ನು ಅಳಿಸಿದರೆ, ಪದಗಳು ಮಸಕಾಗುತ್ತವೆ. ಹಾಡಿದ ಅಜ್ಜಿಯನ್ನು ಹತ್ತು ವರ್ಷದ ಮೇಲೆ ಮತ್ತೊಮ್ಮೆ ಹಾಡಿಸುವ ಭಾಗ್ಯ ಎಲ್ಲರಿಗೂ ಒದಗಲಾರದು.

ಆದುದರಿಂದ ಕೈಯಲ್ಲಿ ಸ್ವಲ್ಪವೇ ಹಣವಿರುವ ವಿದ್ಯಾರ್ಥಿಯು ಮೊದಲು ಅನುರಣನದ ಪೆಟ್ಟಿಗೆಯನ್ನು ಕೊಳ್ಳಬೇಕಾದುದಿಲ್ಲ. ಹಾಸಿಗೆ ಕಂಬಳಿಗಳಿಂದ ಕೋಣೆಯನ್ನು ಪಳಗಿಸಿ, ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಶುಷ್ಕವಾದ ಮೂಲವನ್ನು ಮುದ್ರಿಸಲಿ. ಅದರ ಒಂದು ಪ್ರತಿಯನ್ನು ಹಾಗೆಯೇ ಕಾಪಿಡಲಿ. ಬೇಕಾದ ಅನುರಣನವನ್ನು ಇನ್ನೊಂದು ಪ್ರತಿಗೆ ತಂತ್ರಾಂಶದಿಂದ ಸೇರಿಸಿಕೊಳ್ಳಲಿ. ಈ ಲೇಖನವನ್ನು ಓದಿದವರು ತಮ್ಮ ಕೋಣೆಯ ಉದ್ದಗಲಗಳನ್ನು ಅಳೆದು ಸಬೈನನ ಸೂತ್ರದಿಂದ ಅನುರಣನ ಕಾಲವನ್ನು ಲೆಕ್ಕಹಾಕಲಿ. ಬಳಿಕ ಬಲೂನೊಂದನ್ನು ಒಡೆದು, ಆ ಸದ್ದನ್ನು ಮುದ್ರಿಸಿ, ಅದು ಕ್ಷೀಣಿಸುವ ಸಮಯವನ್ನು ಕಂಪ್ಯೂಟರಿನ ತೆರೆಯ ಮೇಲೆ ಅಳೆದು ಹೋಲಿಸಲಿ. ಎರಡು ಉತ್ತರಗಳ ನಡುವೆ ವ್ಯತ್ಯಾಸ ಕಂಡರೆ, ಅದಕ್ಕೆ ಕಾರಣವನ್ನು ಹುಡುಕುವಲ್ಲಿಯೇ ವಿಜ್ಞಾನದ ನಿಜವಾದ ಪಾಠವಿದೆ.