ಚಿಕ್ಕ ತಿದ್ದುಪಡಿಗೆ ಚಿಕ್ಕ ಸಾಧನ: ಇಂಡೆಂಟ್ ಪಟ್ಟಿ ಮತ್ತು ನೋಟ್‌ಪ್ಯಾಡ್



ನಾಳೆ ಬೆಳಿಗ್ಗೆ ಮುಹೂರ್ತ ಎನ್ನುವಾಗ ಇಂದು ಸಂಜೆ ಪಾರ್ಟಿಯವರಿಂದ ಫೋನ್ ಬರುವುದು ನಮ್ಮ ವ್ಯವಹಾರದಲ್ಲಿ ಹೊಸತೇನಲ್ಲ. "300 ಎಲೆ ಹೇಳಿದ್ದೆವು, 400 ಮಾಡಿಬಿಡಿ" ಎನ್ನುತ್ತಾರೆ. ಇಲ್ಲವೇ "ಒಂದು ಪಂಕ್ತಿ ಜೈನರದ್ದು, ಅವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ತರಕಾರಿ ಬೇಡ" ಎನ್ನುತ್ತಾರೆ. ದಿನಸಿ ಅಂಗಡಿ ಮುಚ್ಚುವ ಮೊದಲು ಪಟ್ಟಿ ಬದಲಾಗಬೇಕು. ಬದಲಾದ ಪಟ್ಟಿಯೇ ಉಗ್ರಾಣಕ್ಕೂ ಭಟ್ಟರ ಕೈಗೂ ಹೋಗಬೇಕು. ಇಂಥ ಅವಸರದಲ್ಲಿ ಒಂದು ಅಂಕಿ ತಪ್ಪಿದರೂ ಮರುದಿನ ಪಂಕ್ತಿಯಲ್ಲಿ ಕುಳಿತವರ ಮುಂದೆ ಮಾನ ಹೋಗುವುದು ನಮ್ಮದೇ.

ಎರಡು ಸಾಲಿನ ತಿದ್ದುಪಡಿಗೆ ದೊಡ್ಡ ತಂತ್ರಾಂಶ ಬೇಕಾಗಿಲ್ಲ. ಪ್ರತಿಯೊಂದು ವಿಂಡೋಸ್ ಕಂಪ್ಯೂಟರಿನಲ್ಲೂ ಇರುವ ನೋಟ್‌ಪ್ಯಾಡ್ ಸಾಕು. ಇದು 1985ರ ಮೊದಲ ವಿಂಡೋಸ್‌ನಿಂದಲೂ ಜೊತೆಯಲ್ಲಿ ಬರುತ್ತಿರುವ ಸಾಧನ. ಬೇರೆ ಖರ್ಚಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಕ್ಷಣದಲ್ಲಿ ತೆರೆಯುತ್ತದೆ. ಇದನ್ನು ನಮ್ಮ ಕೆಲಸಕ್ಕೆ ಬಳಸುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ದೊಡ್ಡ ತಂತ್ರಾಂಶದಲ್ಲಿ ಏನು ತೊಂದರೆ?

ವರ್ಡ್, ಎಕ್ಸೆಲ್ ಎರಡೂ ಒಳ್ಳೆಯ ತಂತ್ರಾಂಶಗಳೇ. ಆದರೆ ಅವು ನಾವು ಕೇಳದೆಯೇ ಸಹಾಯ ಮಾಡಲು ಬರುತ್ತವೆ. ಎಕ್ಸೆಲ್‌ನ ಪ್ರಮಾಣದ ಕಾಲಂನಲ್ಲಿ ಅರ್ಧ ಕೆಜಿ ಸಾಸಿವೆಗೆಂದು 1/2 ಎಂದು ಟೈಪ್ ಮಾಡಿ ನೋಡಿ. ಅದು ತಾರೀಕೆಂದು ತಿಳಿದು ಫೆಬ್ರವರಿ 1 ಎಂದು ಬದಲಾಯಿಸುತ್ತದೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಜನವರಿ 2 ಆಗುತ್ತದೆ. ಬಿಲ್ಲಿನಲ್ಲಿ ಹಾಕುವ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿನಲ್ಲಿ 14 ಅಂಕಿಗಳಿವೆ. ಸಾಮಾನ್ಯ ಕೋಶದಲ್ಲಿ ಬರೆದರೆ ಎಕ್ಸೆಲ್ ಅದನ್ನು ಇ ಅಕ್ಷರ ಸೇರಿದ ಗಣಿತದ ಸಂಖ್ಯೆಯಾಗಿ ಸಂಕ್ಷೇಪಿಸಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿ ಕಡತವಾಗಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದಂತೆಯೇ.

ವರ್ಡ್ ಕೂಡ ಅಷ್ಟೇ. 1/2 ಎಂದು ಬರೆದರೆ ಅದನ್ನು ಒಂದೇ ಚಿಹ್ನೆಯ ಪುಟ್ಟ ಅರ್ಧವಾಗಿ ಮಾಡುತ್ತದೆ. ಆಮೇಲೆ 1/2 ಎಂದು ಹುಡುಕಿದರೆ ಸಿಗುವುದಿಲ್ಲ.

ನೋಟ್‌ಪ್ಯಾಡ್‌ನಲ್ಲಿ ಬರೆದದ್ದು ಬರೆದ ಹಾಗೆಯೇ ಉಳಿಯುತ್ತದೆ. ಚಿಕ್ಕ ತಿದ್ದುಪಡಿಗೆ ಅದನ್ನು ನಂಬಬಹುದಾದ ಕಾರಣ ಇದೇ. ಒಂದು ಮಾತು: ವಿಂಡೋಸ್ 11ರ ನೋಟ್‌ಪ್ಯಾಡ್‌ಗೆ 2024ರಲ್ಲಿ ಸ್ಪೆಲ್‌ಚೆಕ್ ಮತ್ತು ಆಟೋಕರೆಕ್ಟ್ ಸೇರಿಸಿದ್ದಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಎರಡನ್ನೂ ಆಫ್ ಮಾಡಿಡುವುದು ಒಳ್ಳೆಯದು.

ಪಟ್ಟಿ ಹೇಗಿರಬೇಕು?

ಸಾಲಿಗೆ ಒಂದೇ ಸಾಮಾನು. ಪ್ರಮಾಣ ಮೊದಲು, ಹೆಸರು ಆಮೇಲೆ. ಕನ್ನಡ ಅಕ್ಷರಗಳ ಅಗಲ ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಹೆಸರು ಮೊದಲು ಬರೆದು ಸ್ಪೇಸ್ ಒತ್ತಿ ಅಂಕಿಗಳನ್ನು ನೇರ ನಿಲ್ಲಿಸಲು ಹೋದರೆ ಪ್ರಿಂಟಿನಲ್ಲಿ ಸೊಟ್ಟಗಾಗುತ್ತದೆ. ಅಂಕಿ ಮೊದಲೇ ಇದ್ದರೆ ಆ ತೊಂದರೆ ಇಲ್ಲ. ಉದಾಹರಣೆಗೆ:

300 ಎಲೆ, ಮಧ್ಯಾಹ್ನದ ಊಟ
35 ಕೆಜಿ ಸೋನಾ ಮಸೂರಿ ಅಕ್ಕಿ
15 ಕೆಜಿ ಸಕ್ಕರೆ
9 ಕೆಜಿ ತೊಗರಿಬೇಳೆ
5 ಕೆಜಿ ಹೆಸರುಬೇಳೆ
30 ಲೀಟರ್ ಮೊಸರು
1/2 ಕೆಜಿ ಸಾಸಿವೆ

(ಪ್ರಮಾಣಗಳು ಉದಾಹರಣೆಗೆ ಮಾತ್ರ. ನಿಮ್ಮ ನಿಮ್ಮ ಲೆಕ್ಕವನ್ನೇ ಇಟ್ಟುಕೊಳ್ಳಿ.)

ಅಂಕಿಗಳನ್ನು ಒಂದೇ ಲಿಪಿಯಲ್ಲಿ ಬರೆಯಿರಿ. ಕೆಲವು ಕಡೆ 25 ಎಂದೂ ಕೆಲವು ಕಡೆ ೨೫ ಎಂದೂ ಇದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ತಿದ್ದುವ ಕ್ರಮ

1. ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿ, ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನಿಂದ ನಿಮ್ಮ ಮೂಲ ಪಟ್ಟಿಯನ್ನು ತೆರೆಯಿರಿ.

2. ಏನನ್ನೂ ತಿದ್ದುವ ಮೊದಲು ಸೇವ್ ಆ್ಯಸ್ ಮಾಡಿ, ಹೊಸ ಹೆಸರು ಕೊಡಿ. ಹೆಸರಿನಲ್ಲಿ ತಾರೀಕು, ಹಾಲ್ ಮತ್ತು ಎಲೆಯ ಸಂಖ್ಯೆ ಇರಲಿ. ಮೂಲ ಪಟ್ಟಿಯನ್ನು ಮುಟ್ಟಬಾರದು. ಅದು ಮುಂದಿನ ಮದುವೆಗೆ ಬೇಕು.

3. ಮೊದಲ ಸಾಲಿನ ಕೊನೆಗೆ ಕರ್ಸರ್ ಇಟ್ಟು ಎಫ್5 ಕೀಲಿ ಒತ್ತಿ. ಆ ಹೊತ್ತಿನ ಸಮಯ ಮತ್ತು ತಾರೀಕು ತಾನಾಗಿ ಬೀಳುತ್ತದೆ. ಅಡುಗೆಮನೆಯಲ್ಲಿ ಎರಡು ಪಟ್ಟಿಗಳು ಓಡಾಡುತ್ತಿದ್ದರೆ ಯಾವುದು ಹೊಸದೆಂದು ಭಟ್ಟರಿಗೆ ಕೂಡಲೇ ಗೊತ್ತಾಗುತ್ತದೆ.

4. ಬದಲಾಗಬೇಕಾದ ಸಾಲುಗಳನ್ನು ಒಂದೊಂದಾಗಿ ತಿದ್ದಿ. ಎಲೆ ಮೂರರಿಂದ ನಾಲ್ಕಾದರೆ ಅಕ್ಕಿ, ಮೊಸರು ಆ ಲೆಕ್ಕದಲ್ಲೇ ಏರುತ್ತವೆ. ಒಗ್ಗರಣೆಯ ಸಾಸಿವೆ, ಇಂಗು ಹಾಗೆ ಏರುವುದಿಲ್ಲ. ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ಭಟ್ಟರನ್ನೇ ಕೇಳಬೇಕು.

5. ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ.

ರಿಪ್ಲೇಸ್ ಆಲ್ ಬೇಡ

ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಒಂದು ಪದವನ್ನು ತೆಗೆದು ಇನ್ನೊಂದನ್ನು ಹಾಕುವ ಸೌಲಭ್ಯ ಬರುತ್ತದೆ. ಅಲ್ಲಿರುವ ರಿಪ್ಲೇಸ್ ಆಲ್ ಗುಂಡಿ ಅಂಕಿಗಳ ವಿಷಯದಲ್ಲಿ ಬಹಳ ಅಪಾಯಕಾರಿ. ಮೇಲಿನ ಪಟ್ಟಿಯಲ್ಲಿ ಹೆಸರುಬೇಳೆ ಹೆಚ್ಚಿಸಬೇಕೆಂದು "5 ಕೆಜಿ" ತೆಗೆದು "7 ಕೆಜಿ" ಹಾಕು ಎಂದರೆ ಏನಾಗುತ್ತದೆ? ಸಕ್ಕರೆಯ 15 ಕೆಜಿ 17 ಆಗುತ್ತದೆ, ಅಕ್ಕಿಯ 35 ಕೆಜಿ 37 ಆಗುತ್ತದೆ. 15ರಲ್ಲೂ 35ರಲ್ಲೂ ಕೊನೆಗೆ 5 ಇದೆಯಲ್ಲ! ಪಟ್ಟಿ ನೋಡಲು ಸರಿಯಾಗಿಯೇ ಇರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಅಂಕಿಗಳನ್ನು ಕೈಯಿಂದಲೇ ತಿದ್ದಿ. ಹಾಲ್‌ನ ಹೆಸರು, ಪಾರ್ಟಿಯ ಹೆಸರು ಮುಂತಾದವುಗಳಿಗೆ ಮಾತ್ರ ರಿಪ್ಲೇಸ್ ಬಳಸಿ. ಹೆಚ್ಚು ಕೆಲಸವಿರುವವರು 2003ರಿಂದ ಉಚಿತವಾಗಿ ಸಿಗುತ್ತಿರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಳ್ಳಬಹುದು. ಅದರಲ್ಲಿ ಪೂರ್ಣ ಪದ ಹೊಂದಿದರೆ ಮಾತ್ರ ಬದಲಾಯಿಸು ಎನ್ನುವ ಆಯ್ಕೆ ಇದೆ. ಆಗಲೂ ಒಂದೊಂದಾಗಿ ನೋಡಿ ಒಪ್ಪುವುದೇ ಕ್ಷೇಮ.

ಈರುಳ್ಳಿಯೋ, ನೀರುಳ್ಳಿಯೋ?

ಜೈನ ಪಂಕ್ತಿಯ ಪಟ್ಟಿಯಲ್ಲಿ ಈರುಳ್ಳಿ ಉಳಿದಿದೆಯೇ ಎಂದು ನೋಡಲು ಕಂಟ್ರೋಲ್ ಮತ್ತು ಎಫ್ ಒತ್ತಿ ಹುಡುಕುತ್ತೇವೆ. "ಇಲ್ಲ" ಎಂದು ಉತ್ತರ ಬಂದರೆ ನಿಶ್ಚಿಂತರಾಗುತ್ತೇವೆ. ಆದರೆ ನಮ್ಮಲ್ಲಿ ಊರಿಗೊಂದು ಹೆಸರು. ಮೈಸೂರು ಕಡೆಯವರು ಈರುಳ್ಳಿ ಎಂದರೆ ಕರಾವಳಿಯವರು ನೀರುಳ್ಳಿ ಎನ್ನುತ್ತಾರೆ, ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಎನ್ನುತ್ತಾರೆ. ಮುಂಬಯಿಯ ಮಾರ್ಕೆಟಿಗೆ ಹೋಗುವ ಹುಡುಗ ಕಾಂದಾ ಎಂದೇ ಬರೆದಿರುತ್ತಾನೆ.

ಪೂರ್ತಿ ಹೆಸರಿನ ಬದಲು "ಳ್ಳಿ" ಎಂದಷ್ಟೇ ಹುಡುಕಿ. ಈರುಳ್ಳಿ, ನೀರುಳ್ಳಿ, ಬೆಳ್ಳುಳ್ಳಿ ಮೂರೂ ಸಿಗುತ್ತವೆ. ಆಮೇಲೆ ಉಳ್ಳಾಗಡ್ಡಿ, ಕಾಂದಾ ಎಂದು ಬೇರೆಯಾಗಿ ಹುಡುಕಿ. ಆಲೂಗಡ್ಡೆ, ಬಟಾಟೆ, ಗಜ್ಜರಿ, ಮೂಲಂಗಿಗಳಿಗೂ ಇದೇ ಕ್ರಮ. ಇದಕ್ಕಿಂತ ಒಳ್ಳೆಯದೆಂದರೆ ಒಂದು ಅಡುಗೆಮನೆಯಲ್ಲಿ ಒಂದು ಸಾಮಾನಿಗೆ ಒಂದೇ ಹೆಸರೆಂದು ಮೊದಲೇ ತೀರ್ಮಾನಿಸಿಕೊಳ್ಳುವುದು.

ಸೇವ್ ಮಾಡುವಾಗ ಗಮನಿಸಿ

ಹಿಂದೆ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರೆದು ಹಾಗೆಯೇ ಸೇವ್ ಮಾಡಿದರೆ ಮರಳಿ ತೆರೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಆನ್ಸಿ ಎಂಬ ಹಳೆಯ ಸಂಕೇತ ಕ್ರಮದಲ್ಲಿ ಕನ್ನಡಕ್ಕೆ ಸ್ಥಳವಿರಲಿಲ್ಲ. 2019ರ ವಿಂಡೋಸ್ 10ರ ಆವೃತ್ತಿಯಿಂದ ಹೊಸ ಕಡತಗಳು ಯುಟಿಎಫ್-8 ಕ್ರಮದಲ್ಲಿ ಸೇವ್ ಆಗುತ್ತವೆ, ಕನ್ನಡ ಉಳಿಯುತ್ತದೆ. ಹಳೆಯ ಕಂಪ್ಯೂಟರ್ ಇದ್ದವರು ಸೇವ್ ಆ್ಯಸ್ ಕಿಟಕಿಯಲ್ಲಿ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಬೇಕು. ಸಿಎಸ್‌ವಿ ದರಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ವಿಚಿತ್ರ ಚಿಹ್ನೆಗಳಾಗಿ ಕಂಡರೆ ಅಲ್ಲಿಯೇ ಯುಟಿಎಫ್-8 ವಿತ್ ಬಿಓಎಂ ಎಂದು ಆರಿಸಿ ಮತ್ತೆ ಸೇವ್ ಮಾಡಿ.

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿಟ್ಟ ಪಟ್ಟಿಗಳು ನೋಟ್‌ಪ್ಯಾಡ್‌ಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪಟ್ಟಿ ಹಾಳಾಗಿದೆಯೆಂದು ಅಳಿಸಬೇಡಿ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಸರಿಯಾಗುತ್ತದೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಮೊದಲೆಲ್ಲ ಸೇವ್ ಮಾಡದೆ ಮುಚ್ಚಲು ಹೋದರೆ ನೋಟ್‌ಪ್ಯಾಡ್ "ಉಳಿಸಬೇಕೇ?" ಎಂದು ಕೇಳುತ್ತಿತ್ತು. ವಿಂಡೋಸ್ 11ರಲ್ಲಿ 2023ರಿಂದ, ಕಿಟಕಿಯನ್ನು ಮುಚ್ಚಿದರೂ ನಮ್ಮ ತಿದ್ದುಪಡಿಯನ್ನು ತನ್ನಲ್ಲೇ ನೆನಪಿಟ್ಟುಕೊಂಡು ಮರುಸಲ ತೆರೆದಾಗ ತೋರಿಸುತ್ತದೆ. ಅನುಕೂಲವೇ ಹೌದು. ಆದರೆ ಡಿಸ್ಕಿನಲ್ಲಿರುವ ಕಡತ ಮಾತ್ರ ಹಳೆಯದಾಗಿಯೇ ಇರುತ್ತದೆ! ನೀವು 400 ಎಲೆಗೆ ತಿದ್ದಿ, ಸೇವ್ ಮಾಡದೆ ಮುಚ್ಚಿ, ಕಡತವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಉಗ್ರಾಣಕ್ಕೆ ಹೋಗುವುದು 300ರ ಪಟ್ಟಿಯೇ. ಟ್ಯಾಬಿನ ಮೇಲೆ ಕಡತದ ಹೆಸರಿನ ಪಕ್ಕದಲ್ಲಿ ಚುಕ್ಕೆ ಕಂಡರೆ ಇನ್ನೂ ಸೇವ್ ಆಗಿಲ್ಲವೆಂದು ಅರ್ಥ. ಚುಕ್ಕೆ ಹೋದ ಮೇಲೆಯೇ ಕಳಿಸಿ.

ನೋಟ್‌ಪ್ಯಾಡ್‌ನಿಂದ ಆಗದ ಕೆಲಸ

ಇದು ಕೂಡುವುದಿಲ್ಲ, ಗುಣಿಸುವುದಿಲ್ಲ, ತಪ್ಪು ಪ್ರಮಾಣ ಬರೆದರೆ ಎಚ್ಚರಿಸುವುದೂ ಇಲ್ಲ. ಎಲೆಗಿಷ್ಟು ಎಂಬ ಲೆಕ್ಕ, ಬಿಲ್ಲು, ಜಿಎಸ್‌ಟಿ ಇವೆಲ್ಲ ಎಕ್ಸೆಲ್‌ನಲ್ಲೋ ಲೆಕ್ಕದ ತಂತ್ರಾಂಶದಲ್ಲೋ ಇರಲಿ. ಸಿದ್ಧವಾದ ಪಟ್ಟಿಯಲ್ಲಿ ಕೊನೆಯ ಗಳಿಗೆಯ ಎರಡು ಮೂರು ಬದಲಾವಣೆಗೆ ಮಾತ್ರ ಈ ಸಾಧನ. ಅದು ಏನನ್ನೂ ಹೇಳದೇ ಇರುವುದರಿಂದ, ಕಳಿಸುವ ಮುನ್ನ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲ ಪಟ್ಟಿಯೊಡನೆ ತಾಳೆ ನೋಡಬೇಕು. ಎರಡು ನಿಮಿಷದ ಕೆಲಸ.

ಅಭ್ಯಾಸ

ಮೇಲಿನ ಆರು ಸಾಮಾನಿನ ಪಟ್ಟಿಯನ್ನು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ ಸೇವ್ ಮಾಡಿ. ಅದನ್ನು ಹೊಸ ಹೆಸರಿನಲ್ಲಿ ಉಳಿಸಿ, ಎಫ್5 ಒತ್ತಿ ಸಮಯ ಹಾಕಿ, 400 ಎಲೆಗೆ ತಿದ್ದಿ. ಎರಡೂ ಕಡತಗಳನ್ನು ಮತ್ತೆ ತೆರೆದು ಹಳೆಯದು ಹಳೆಯದಾಗಿಯೇ ಇದೆಯೇ, ಹೊಸದರಲ್ಲಿ ಕನ್ನಡ ಮತ್ತು ಅಂಕಿಗಳು ಸರಿಯಾಗಿವೆಯೇ ನೋಡಿ. ನಿಮ್ಮ ಆಫೀಸಿನ ಹುಡುಗರಿಂದಲೂ ಒಮ್ಮೆ ಮಾಡಿಸಿ. ಕೆಲಸವಿಲ್ಲದ ದಿನ ಕೈ ಪಳಗಿದ್ದರೆ ಮುಹೂರ್ತದ ಹಿಂದಿನ ಸಂಜೆ ಕೈ ನಡುಗುವುದಿಲ್ಲ.