ಸಾರ್ವಜನಿಕ ಅಂಗಳದ ಗಿಡಮರಗಳು: ನೆಟ್ಟ ನಂತರದ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಜೂನ್ 5ರ ವಿಶ್ವ ಪರಿಸರ ದಿನದಂದು ಶಾಲೆಯ ಅಂಗಳದಲ್ಲಿ, ಪಂಚಾಯಿತಿ ಕಚೇರಿಯ ಮುಂದೆ, ಕೆರೆ ಏರಿಯ ಬದಿಯಲ್ಲಿ ಸಸಿ ನೆಡುವುದು ನಮ್ಮೆಲ್ಲರಿಗೂ ರೂಢಿಯಾದ ಕಾರ್ಯ. ಮಳೆಗಾಲ ಇರುವವರೆಗೆ ಸಸಿ ಚಿಗುರುತ್ತದೆ. ಡಿಸೆಂಬರ್ ಕಳೆದ ಮೇಲೆ ಬಿಳಿಕೆರೆ ಭಾಗದ ಕೆಂಪು ಮಣ್ಣು ಬೇಗನೆ ಒಣಗುತ್ತದೆ. ಮಾರ್ಚ್ ವೇಳೆಗೆ ಅನೇಕ ಗುಂಡಿಗಳಲ್ಲಿ ಒಣ ಕಡ್ಡಿ ಮಾತ್ರ ಉಳಿಯುತ್ತದೆ. ಮರುವರ್ಷ ಅದೇ ಗುಂಡಿಗೆ ಮತ್ತೊಂದು ಸಸಿ, ಮತ್ತೊಮ್ಮೆ ಖರ್ಚು. ನೆಡುವುದು ಒಂದು ದಿನದ ಕೆಲಸ. ಉಳಿಸುವುದು ಕನಿಷ್ಠ ಮೂರು ಬೇಸಿಗೆಗಳ ಕೆಲಸ. ಈ ಪಾಠದ ಸಾರ ಇಷ್ಟೇ.

1. ನೀರಿನ ಲೆಕ್ಕ ಮೊದಲು, ಸಸಿಯ ಲೆಕ್ಕ ನಂತರ

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಅವರೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್–ಕುದೂರು ರಸ್ತೆಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ, ಮರುವರ್ಷ 15, ಅದರ ಮರುವರ್ಷ 20. ಕೊಡದಲ್ಲಿ ನೀರು ಹೊತ್ತರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ನೀರೆರೆದು ಕಾಯಲು ಸಾಧ್ಯವಾಗುವಷ್ಟನ್ನೇ ನೆಡಬೇಕೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಒಂದು ಸಸಿಗೆ ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 20 ಲೀಟರ್ ಎಂದು ಇಟ್ಟುಕೊಂಡರೆ 50 ಸಸಿಗಳಿಗೆ ವಾರಕ್ಕೆ 2,000 ಲೀಟರ್ ಬೇಕು. ಡಿಸೆಂಬರಿನಿಂದ ಮೇವರೆಗಿನ 26 ವಾರಗಳಿಗೆ 52,000 ಲೀಟರ್. ಈ ನೀರು ಯಾವ ಮೂಲದ್ದು, ನೀರುಗಂಟಿಗೆ ಅಷ್ಟು ಸಮಯವಿದೆಯೇ ಎಂಬುದನ್ನು ನಡಾವಳಿಯಲ್ಲಿ ಬರೆದ ಮೇಲೆಯೇ ಸಸಿಗಳ ಸಂಖ್ಯೆ ನಿರ್ಧರಿಸತಕ್ಕದ್ದು. ಐವತ್ತಕ್ಕೆ ನೀರಿಲ್ಲದಿದ್ದರೆ ಇಪ್ಪತ್ತನ್ನೇ ನೆಡುವುದು ಲೇಸು.

2. ಮರದ ಬುಡ

ಮರದ ಆಹಾರದ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲಿ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅಂಗಳ ಅಂದಗೊಳಿಸಲು ಕಾಂಡಕ್ಕೆ ತಾಗಿದಂತೆ ಸಿಮೆಂಟ್ ಹಾಕಿದರೆ ಬೇರಿಗೆ ನೀರೂ ಗಾಳಿಯೂ ದೊರೆಯುವುದಿಲ್ಲ. ಅರಳಿಕಟ್ಟೆಯ ಜೀರ್ಣೋದ್ಧಾರ ಮಾಡುವಾಗಲೂ ಬುಡದ ಸುತ್ತ ಮಣ್ಣು ತೆರೆದಿರಲಿ. ಹೊಸ ಮಣ್ಣನ್ನು ಕಾಂಡದ ಮೇಲೆ ರಾಶಿ ಹಾಕಬಾರದು. ಉದುರಿದ ಎಲೆಗಳನ್ನು ಸುಡದೆ ಮೂರು ಬೆರಳು ದಪ್ಪದ ಹೊದಿಕೆಯಾಗಿ ಹರಡಿದರೆ ತೇವ ಉಳಿಯುತ್ತದೆ. ಆದರೆ ಹೊದಿಕೆ ಕಾಂಡದಿಂದ ಒಂದು ಗೇಣು ದೂರವಿರಬೇಕು. ಸಸಿಗೆ ಕಟ್ಟಿದ ದಾರವನ್ನೂ ಕಬ್ಬಿಣದ ಕಾವಲು ಬಲೆಯನ್ನೂ ಸಮಯಕ್ಕೆ ತೆಗೆಯದಿದ್ದರೆ ಅವು ಬೆಳೆಯುವ ಕಾಂಡದೊಳಗೆ ಹೂತು ಮರವನ್ನು ದುರ್ಬಲಗೊಳಿಸುತ್ತವೆ.

3. ತಪಾಸಣೆ ಮತ್ತು ಕೊಂಬೆ ಸವರುವಿಕೆ

ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಮೊದಲು, ಅಂದರೆ ಫೆಬ್ರವರಿ–ಮಾರ್ಚ್‌ನಲ್ಲಿ, ಶಾಲೆ, ಅಂಗನವಾಡಿ, ಸಂತೆ ಮಾಳ ಮತ್ತು ಬಸ್ ತಂಗುದಾಣಗಳ ಮರಗಳನ್ನು ತಪ್ಪದೆ ನೋಡಬೇಕು. ಒಣಗಿದ ಕೊಂಬೆ, ಕವಲಿನಲ್ಲಿ ಬಿರುಕು, ಪೊಟರೆ, ಬುಡದಲ್ಲಿ ಅಣಬೆ, ಒಂದು ಬದಿಯಲ್ಲಿ ಎದ್ದ ಮಣ್ಣು: ಇವು ಅಪಾಯದ ಗುರುತುಗಳು. ಮಕ್ಕಳು ಕುಳಿತು ಊಟ ಮಾಡುವ ನೆರಳು ಅದೇ ಮರದ್ದೆಂಬುದನ್ನು ಮರೆಯಬಾರದು.

ದಪ್ಪ ಕೊಂಬೆಯನ್ನು ಮೂರು ಹಂತದಲ್ಲಿ ಕತ್ತರಿಸಬೇಕು. ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ. ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿರುವ ಉಬ್ಬಿಗೆ ಗಾಯವಾಗದಂತೆ. ಹೀಗೆ ಮಾಡಿದರೆ ತೊಗಟೆ ಸೀಳುವುದಿಲ್ಲ, ಗಾಯ ತಾನಾಗಿ ಮುಚ್ಚುತ್ತದೆ. ಮರದ ತಲೆಯನ್ನೇ ಬೋಳಿಸುವುದು ತಪ್ಪು. ಅನಂತರ ಬರುವ ಚಿಗುರುಗಳಿಗೆ ಹಿಡಿತ ಕಡಿಮೆ, ಅವು ಗಾಳಿಗೆ ಬೇಗ ಮುರಿಯುತ್ತವೆ. ವಿದ್ಯುತ್ ತಂತಿಯ ಬಳಿಯ ಕೆಲಸವನ್ನು ವಿದ್ಯುತ್ ಸರಬರಾಜು ನಿಗಮದ ಸಿಬ್ಬಂದಿಯ ಮೂಲಕವೇ ಮಾಡಿಸತಕ್ಕದ್ದು.

ಮರ ಕಡಿಯುವ ಪ್ರಸ್ತಾವವಿದ್ದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಬೇಕಾಗುವುದರಿಂದ ಕತ್ತರಿಸಿದ ಕೊಂಬೆಗೂ ಬೆಲೆಯಿದೆ. ಆದಕಾರಣ ಯಾವ ಮರದ ಯಾವ ಕೊಂಬೆ, ಯಾವ ದಿನ, ಸೌದೆ ಎಲ್ಲಿಗೆ ಹೋಯಿತು ಎಂಬುದು ದಾಖಲಾಗಿರಬೇಕು. ಲೆಕ್ಕವಿಲ್ಲದ ಕಡೆ ಸವರುವಿಕೆಯ ಹೆಸರಿನಲ್ಲಿ ಮರವೇ ಕಾಣೆಯಾಗುವ ಸಂಭವವಿದೆ.

4. ಪೊದೆಗಳು ಮತ್ತು ನೆಲಹೊದಿಕೆ

ಬೇಲಿಗೆ ದಾಸವಾಳ, ನಂದಿಬಟ್ಟಲು, ಗೋರಂಟಿ ಸೂಕ್ತ. ಕಣಗಿಲೆ ನೀರು ಕಡಿಮೆ ಬೇಡುತ್ತದೆಯಾದರೂ ಅದರ ಎಲ್ಲ ಭಾಗಗಳೂ ವಿಷ. ಶಾಲೆ, ಅಂಗನವಾಡಿ ಮತ್ತು ದನ ಸುಳಿಯುವ ಜಾಗಗಳಲ್ಲಿ ಬೇಡ. ಹೂವಿನ ಅಂದಕ್ಕೆ ಮರುಳಾಗಿ ಲಂಟಾನ ನೆಡಬಾರದು. ನಾಗರಹೊಳೆಯ ಕಾಡಿನಲ್ಲಿ ಅದು ಹಬ್ಬಿರುವ ಬಗೆ ನಮ್ಮ ಕಣ್ಣೆದುರೇ ಇದೆ.

ಅಲಂಕಾರದ ಹುಲ್ಲುಹಾಸು ಬೇಸಿಗೆಯುದ್ದಕ್ಕೂ ನೀರು ಬೇಡುತ್ತದೆ. ಬಿಸಿಲಿನ ಜಾಗಕ್ಕೆ ಗರಿಕೆ ಸಾಕು; ನೆರಳಿನಲ್ಲಿ ಎಲೆಯ ಹೊದಿಕೆ, ತೇವವಿರುವೆಡೆ ಒಂದೆಲಗ. ಬರಿನೆಲ ಬಿಟ್ಟರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಪಾರ್ಥೇನಿಯಂ ಹುಟ್ಟುತ್ತದೆ. ಅದನ್ನು ಹೂ ಬಿಡುವ ಮೊದಲೇ, ಕೈಗವಸು ಧರಿಸಿ, ಬೇರುಸಹಿತ ಕೀಳಿಸಬೇಕು. ಅದು ಚರ್ಮಕ್ಕೂ ಉಸಿರಾಟಕ್ಕೂ ತೊಂದರೆ ಕೊಡುತ್ತದೆ. ಮಕ್ಕಳಾಡುವ ಅಂಗಳದಲ್ಲಿ ಕಳೆನಾಶಕ ಸಿಂಪಡಿಸುವುದು ತರವಲ್ಲ.

5. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಅ) ಕಳೆದ ಮೂರು ವರ್ಷಗಳಲ್ಲಿ ನಮ್ಮ ಪಂಚಾಯಿತಿ ನೆಟ್ಟ ಸಸಿಗಳೆಷ್ಟು, ಇಂದು ಬದುಕಿರುವವು ಎಷ್ಟು?
ಆ) ಪ್ರತಿ ಅಂಗಳದ ಮರಗಳ ವಹಿ ಇದೆಯೇ? ಅದನ್ನು ಬರೆಯುವವರು ಯಾರು?
ಇ) ಈ ಬೇಸಿಗೆಯ ನೀರಿನ ಹೊಣೆ ಯಾರ ಹೆಸರಿನಲ್ಲಿದೆ?
ಈ) ಗಾಳಿಮಳೆಗೆ ಮೊದಲು ತಪಾಸಣೆಯಾಗಬೇಕಾದ ಮರಗಳು ಯಾವುವು?

ಮೊದಲ ಪ್ರಶ್ನೆಗೆ ಉತ್ತರವನ್ನು ಕಡತದಲ್ಲಿ ಹುಡುಕದೆ ಸದಸ್ಯರು ತಮ್ಮ ವಾರ್ಡಿನ ಅಂಗಳಗಳನ್ನು ಸ್ವತಃ ನಡೆದು ಎಣಿಸಿ ತರಬೇಕೆಂದು ಕೋರಲಾಗಿದೆ. ಆ ಸಂಖ್ಯೆ ಕಡಿಮೆಯಿದ್ದರೆ ನಾಚುವ ಅಗತ್ಯವಿಲ್ಲ. ಮುಂದಿನ ಜೂನಿನಲ್ಲಿ ಎಷ್ಟು ಗುಂಡಿ ತೋಡಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ.