ಕಡಲ ಕದನ ಮತ್ತು ಚಿತ್ರಕಾರ

ಛಾಯಾಚಿತ್ರವು ಇನ್ನೂ ಹುಟ್ಟದಿದ್ದ ಹದಿನೆಂಟನೆಯ ಶತಮಾನದಲ್ಲಿ, ನಡುಗಡಲಿನ ಯುದ್ಧಗಳು ದಡದ ಜನರಿಗೆ ಕಾಣುತ್ತಿದ್ದುದು ಚಿತ್ರಕಾರನ ಕುಂಚದ ಮೂಲಕ. ಇಂಗ್ಲೆಂಡಿನಲ್ಲಿ ಇಂತಹ ಚಿತ್ರಗಳಿಗೆ ಬಹಳ ಆದರವಿತ್ತು. ಆದರೆ ಚಿತ್ರಕಾರನ ಕೆಲಸ ಸುಲಭವಾಗಿರಲಿಲ್ಲ. ಹಾಯಿ, ಹಗ್ಗ, ಗಾಳಿಯ ದಿಕ್ಕು, ಇವುಗಳಲ್ಲಿ ಒಂದು ತಪ್ಪಿದರೂ ಅನುಭವಿ ನಾವಿಕನು ಅದನ್ನು ಎತ್ತಿ ತೋರಿಸುತ್ತಿದ್ದನು.

1794ರಲ್ಲಿ ಕ್ರಾಂತಿಯ ಕೋಲಾಹಲದಲ್ಲಿದ್ದ ಫ್ರಾನ್ಸನ್ನು ಆಹಾರದ ಅಭಾವವು ಕಾಡುತ್ತಿತ್ತು. ಅಮೆರಿಕದಿಂದ ಬರುತ್ತಿದ್ದ ಧಾನ್ಯದ ಹಡಗುಗಳನ್ನು ಕಾಪಾಡಲು ಫ್ರೆಂಚ್ ನೌಕಾಪಡೆಯು ಅಟ್ಲಾಂಟಿಕ್ ಸಾಗರಕ್ಕೆ ಇಳಿಯಿತು. ಜೂನ್ 1ರಂದು ಲಾರ್ಡ್ ಹೌ ಎಂಬ ಸೇನಾನಿಯ 25 ಬ್ರಿಟಿಷ್ ಯುದ್ಧನೌಕೆಗಳು ಫ್ರೆಂಚರ 26 ನೌಕೆಗಳನ್ನು ಎದುರಿಸಿದವು. ಆರು ಫ್ರೆಂಚ್ ನೌಕೆಗಳು ಸೆರೆಯಾದವು, ಒಂದು ಮುಳುಗಿತು. ಆದರೆ ಧಾನ್ಯದ ಹಡಗುಗಳು ಸುರಕ್ಷಿತವಾಗಿ ಫ್ರಾನ್ಸನ್ನು ಸೇರಿದವು. ಎರಡು ದೇಶಗಳೂ ವಿಜಯೋತ್ಸವವನ್ನು ಆಚರಿಸಿದವು!

ಈ ಕದನವನ್ನು ನಿಕೊಲಸ್ ಪೊಕಾಕ್ ಎಂಬ ಚಿತ್ರಕಾರನು ‘ಪೆಗಾಸಸ್’ ಎಂಬ ನೌಕೆಯಿಂದ ಕಣ್ಣಾರೆ ಕಂಡನು. ಹಿಂದೆ ಅವನು ವ್ಯಾಪಾರಿ ಹಡಗಿನ ನಾಯಕನಾಗಿದ್ದವನು. ಯಾನದ ದಿನಚರಿಯ ಪುಟಗಳಲ್ಲಿ ಹಡಗುಗಳ ಚಿತ್ರ ಬರೆದು ಕೈ ಪಳಗಿಸಿಕೊಂಡವನು. ಯಾವ ನೌಕೆ ಎಲ್ಲಿತ್ತು, ಹೇಗೆ ಸಾಗಿತು ಎಂಬುದನ್ನು ಅವನು ಸ್ಥಳದಲ್ಲಿಯೇ ರೇಖೆಗಳಲ್ಲಿ ಗುರುತಿಸಿದನು.

ಫಿಲಿಪ್ ಡಿ ಲೂಥರ್‌ಬರ್ಗ್ ಯುದ್ಧವನ್ನು ಕಂಡವನಲ್ಲ. ಲಂಡನ್ನಿನ ನಾಟಕಶಾಲೆಯಲ್ಲಿ ರಂಗದೃಶ್ಯಗಳನ್ನು ರಚಿಸಿ ಹೆಸರಾದವನು. 1795ರಲ್ಲಿ ಅವನು ಬರೆದ ಬೃಹತ್ ಚಿತ್ರದಲ್ಲಿ ‘ಕ್ವೀನ್ ಷಾರ್ಲೆಟ್’ ಮತ್ತು ‘ಮೊಂತಾನ್ಯ’ ಎಂಬ ಎರಡು ಪಡೆಗಳ ಮುಖ್ಯನೌಕೆಗಳು ಹೊಗೆಯ ನಡುವೆ ಸೆಣಸುತ್ತಿವೆ. ಅವುಗಳನ್ನು ಇರಿಸಿದ ಸ್ಥಾನ ಸರಿಯಲ್ಲವೆಂದು ನಾವಿಕರು ಆಕ್ಷೇಪಿಸಿದರು. ಆದರೆ ಚಿತ್ರದ ಮುಂಭಾಗದಲ್ಲಿ ನೋಡುಗನ ಕಣ್ಣು ನಿಲ್ಲುತ್ತದೆ. ಅಲ್ಲಿ ಮುರಿದ ಮರಗಳನ್ನು ತಬ್ಬಿಕೊಂಡು ಮನುಷ್ಯರು ಅಲೆಗಳೊಡನೆ ಪ್ರಾಣಕ್ಕಾಗಿ ಹೋರಾಡುತ್ತಿದ್ದಾರೆ.

ಪೊಕಾಕನ ರೇಖೆಗಳಿಂದ ನೌಕೆಗಳ ಚಲನೆಯನ್ನು ತಿಳಿಯಬಹುದು. ಲೂಥರ್‌ಬರ್ಗನ ವರ್ಣಗಳಿಂದ ನೌಕೆಯಲ್ಲಿದ್ದವರ ಸಂಕಟವನ್ನು ಅರಿಯಬಹುದು. ಹಸಿದ ಜನರಿಗಾಗಿ ಸಾಗಿಬಂದ ಧಾನ್ಯವಾದರೋ ಆ ಬೃಹತ್ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಕದನವು ನಡೆದುದೇ ಅದರ ಸಲುವಾಗಿ. ಆದುದರಿಂದ ಯುದ್ಧಚಿತ್ರದ ಮುಂದೆ ನಿಂತವನು ಅದರಲ್ಲಿ ಕಂಡುದನ್ನು ಮೆಚ್ಚುವುದರ ಜೊತೆಗೆ, ಕಾಣದೆ ಉಳಿದುದನ್ನೂ ವಿಚಾರಿಸಬೇಕು.